ಕೆಂಪು ದಾರದ ಪಚ್ಚಿಲೆ

ನಮ್ಮ ಬೀದಿಗೆ ಸಮುದ್ರ ಬರುವುದು ಬುಧವಾರ. ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಮುಂಚೆ ಅದು ಹಿಟ್ಟಿನ ಗಿರಣಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಅವಸರವಿಲ್ಲದೆ ಒಂದೊಂದೇ ಮನೆ ದಾಟಿ, ಬೀದಿಯ ಕೊನೆಯಲ್ಲಿರುವ ನಮ್ಮ ಮನೆಯ ಎರಡನೆಯ ಮೆಟ್ಟಿಲನ್ನು ಮುಟ್ಟಿ ನಿಲ್ಲುತ್ತದೆ. ಒಂದೂವರೆ ಗಂಟೆ ಇದ್ದು ಬಂದ ಹಾಗೆಯೇ ಹಿಂದಿರುಗುತ್ತದೆ. ಸೋಮವಾರ ಅದು ಕಂಚುಗಾರರ ಬೀದಿಗೆ ಹೋಗುತ್ತದೆ, ಮಂಗಳವಾರ ಆಸ್ಪತ್ರೆ ಬೀದಿಗೆ, ಗುರುವಾರ ಮೀನು ಪೇಟೆಗೆ. ಭಾನುವಾರ ಎಲ್ಲಿಗೂ ಹೋಗುವುದಿಲ್ಲ.

ಇದರಿಂದ ಯಾರಿಗೂ ವಿಶೇಷ ತೊಂದರೆಯಿಲ್ಲ. ಬುಧವಾರದ ಕಾಗದಗಳನ್ನು ಅಂಚೆಯವನು ಒಂಬತ್ತಕ್ಕೇ ಕೊಟ್ಟು ಹೋಗುತ್ತಾನೆ. ಪಾಸ್ಕಲ್ ಟೈಲರ್ ಹೊಲಿಗೆ ಯಂತ್ರದ ಕಾಲುಗಳ ಕೆಳಗೆ ನಾಲ್ಕು ಕಲ್ಲಿಟ್ಟು, ಪಾದ ನೀರಿನಲ್ಲಿಟ್ಟುಕೊಂಡೇ ಹೊಲಿಯುತ್ತಾನೆ. ಬೀದಿಗೆ ಹೊಸದಾಗಿ ಬಂದ ಸೊಸೆಯರು ಮೊದಲ ಬುಧವಾರ ಚಪ್ಪಲಿ ಕಳೆದುಕೊಳ್ಳುತ್ತಾರೆ. ಮರುದಿನ ಅದು ಮೀನು ಪೇಟೆಯಲ್ಲಿ ಸಿಗುತ್ತದೆ. ಅಲ್ಲಿಯವರು ಯಾರೋ ಅದನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗೋಡೆಯ ಮೇಲೆ ಜೋಡಿಯಾಗಿ ಇಟ್ಟಿರುತ್ತಾರೆ. ಯಾರೆಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಪಾಲಿಸಬೇಕಾದದ್ದು ಒಂದೇ. ನೀರು ಬೀದಿಯಲ್ಲಿರುವಷ್ಟು ಹೊತ್ತು ಕೆಟ್ಟ ಸುದ್ದಿ ಆಡಬಾರದು. ಮನೆಗೆ ಬಂದವರ ಎದುರು ಸಂಕಟ ತೋಡಿಕೊಳ್ಳುವುದು ಸರಿಯಲ್ಲ ಎನ್ನುವಷ್ಟೇ ಸರಳವಾಗಿ ನಾವು ಇದನ್ನು ಕಲಿತಿದ್ದೇವೆ. ನನ್ನ ಗಂಡ ತೀರಿಕೊಂಡದ್ದು ಒಂದು ಬುಧವಾರ, ಹತ್ತಕ್ಕೆ ಐದು ನಿಮಿಷವಿದ್ದಾಗ. ಬೀದಿಯವರೆಲ್ಲ ಬಂದು ಮೊಣಕಾಲ ಕೆಳಗಿನ ನೀರಿನಲ್ಲಿ ನಿಂತು, ನನ್ನ ಕೈ ಹಿಡಿದುಕೊಂಡು, ಆ ವರ್ಷದ ಮಾವಿನ ಹಣ್ಣಿನ ರುಚಿಯ ಬಗ್ಗೆ ಮಾತಾಡಿದರು. ನೀರು ಇಳಿದ ಮೇಲೆ ಎಲ್ಲರೂ ಅತ್ತರು. ಆ ಒಂದೂವರೆ ಗಂಟೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾವಿನ ಹಣ್ಣಿನ ಮಾತೇ.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಹೆಸರು ಹೈಮವತಿ. ಬೀದಿಗೆ ಮಾತ್ರ ಟೀಚರ್. ಈಗ ಹೇಳಹೊರಟಿರುವ ಸಂಗತಿಯಲ್ಲಿ ಎಲ್ಲರಿಗಿಂತ ಮೊದಲು ಎಚ್ಚರವಾಗಬೇಕಿದ್ದವಳು ನಾನು. ಎಚ್ಚರವಾದದ್ದು ಕೊನೆಯಲ್ಲಿ.

ನಮ್ಮ ಮೂವತ್ತೆಂಟು ಮನೆಗಳ ಮುಂದೆಯೂ ಮೆಟ್ಟಿಲ ಪಕ್ಕ ಒಂದೊಂದು ಕಲ್ಲುಬಾನಿ ಇದೆ. ಸಮುದ್ರ ಬಂದಾಗ ಅದನ್ನು ತುಂಬಿಸಿ ಹೋಗುತ್ತದೆ, ಆ ನೀರು ವಾರವಿಡೀ ಸಾಕು. ಬಾನಿಯ ಮೇಲೆ ಅಡ್ಡ ಕೋಲಿಟ್ಟು ಹಗ್ಗ ಇಳಿಬಿಟ್ಟರೆ, ಹಗ್ಗಕ್ಕೆ ಕಚ್ಚಿಕೊಂಡು ಪಚ್ಚಿಲೆ ಬೆಳೆಯುತ್ತದೆ. ಅಂಗೈ ಉದ್ದದ, ಹಸಿರು ಅಂಚಿನ ಜೋಡಿ ಚಿಪ್ಪು, ಒಳಗೆ ಕಿತ್ತಳೆ ಬಣ್ಣದ ಮಾಂಸ. ಮೀನು ಹಿಡಿಯಲು ಗಂಡಸರಿಲ್ಲದ ಮನೆಗಳು, ಕೈಲಾಗದ ಮುದುಕರು, ಬಾಣಂತಿಯರು, ಎಲ್ಲರೂ ಊಟ ಮಾಡುತ್ತಿದ್ದದ್ದು ಇದರಿಂದ.

ಆರು ವರ್ಷದ ಹಿಂದೆ ಪಚ್ಚಿಲೆಯ ಚಿಪ್ಪು ಉಗುರಿನಿಂದ ಒತ್ತಿದರೆ ಬಾಗತೊಡಗಿತು. ಕಾರಣ ಕಷ್ಟದ್ದೇನಲ್ಲ, ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದ್ದು. ಲೋಕದ ಹೊಗೆಯೆಲ್ಲ ಗಾಳಿಗೆ ಸೇರುತ್ತದೆ, ಅದರಲ್ಲಿನ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಮುದ್ರಕ್ಕೆ ಇಳಿಯುತ್ತದೆ, ನೀರು ಆಮ್ಲದ ಕಡೆ ಚೂರು ವಾಲುತ್ತದೆ. ನಾಲಿಗೆಗೆ ಗೊತ್ತಾಗುವಷ್ಟಲ್ಲ. ಆದರೆ ಸಾಸಿವೆ ಕಾಳಿಗಿಂತ ಸಣ್ಣದಿರುವಾಗಲೇ ಮೈಮೇಲೆ ಸುಣ್ಣದ ಮನೆ ಕಟ್ಟಿಕೊಳ್ಳಬೇಕಾದ ಜೀವಿಗೆ ಗೊತ್ತಾಗುತ್ತದೆ. ಮರಿಗಳು ಸಾಯತೊಡಗಿದವು. ಬಾನಿಗಳು ಖಾಲಿಯಾಗುತ್ತ ಬಂದವು.

ಆಗ ಬಂದವಳು ಸೌದಾಮಿನಿ. ಮೂವತ್ತು ದಾಟಿದ ಹೆಣ್ಣುಮಗಳು, ಡಾಕ್ಟರೇಟ್ ಮಾಡಿದವಳು, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ನಡೆಯುವವಳು. ಹಳೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ನಾಲ್ಕು ತೊಟ್ಟಿ ಕಟ್ಟಿಸಿ, ಪಚ್ಚಿಲೆ ಮರಿ ಮಾಡಿಸುವ ಕೆಲಸಕ್ಕೆ ಕೂತಳು. ಅವಳ ಆಲೋಚನೆ ನನಗೆ ಬಹಳ ಹಿಡಿಸಿತು. ಸಮುದ್ರವನ್ನು ಇವತ್ತೇ ಸರಿಮಾಡಲು ನಮ್ಮಿಂದಾಗದು, ಆದರೆ ಇಂಥ ನೀರಿನಲ್ಲೂ ಗಟ್ಟಿ ಚಿಪ್ಪು ಕಟ್ಟುವ ಪಚ್ಚಿಲೆ ಎಲ್ಲೋ ಒಂದೆರಡು ಇದ್ದೇ ಇರುತ್ತವೆ, ಅವನ್ನು ಹುಡುಕಿ ಸಂತಾನ ಬೆಳೆಸೋಣ ಎನ್ನುತ್ತಿದ್ದಳು. ಎರಡು ವರ್ಷ ಕರಾವಳಿಯುದ್ದಕ್ಕೂ ಬಂಡೆ ಬಂಡೆ ತಡಕಿದಳು. ಕೊನೆಗೆ ಎರಡು ವಂಶಗಳು ಅವಳ ಕೈಯಲ್ಲಿ ಉಳಿದವು. ಒಂದರ ಮರಿಗಳಿದ್ದ ಹಗ್ಗಕ್ಕೆ ಹಳದಿ ದಾರ ಕಟ್ಟಿದಳು, ಇನ್ನೊಂದಕ್ಕೆ ಕೆಂಪು ದಾರ. ಕಣ್ಣಿಗೆ ಎರಡೂ ಒಂದೇ. ಯಾವುದು ನಿಜವಾಗಿ ಬಾಳುತ್ತದೆಂದು ತಿಳಿಯಲು ನಮ್ಮ ಬೀದಿಯನ್ನು ಆರಿಸಿಕೊಂಡಳು. ಒಂದು ಮನೆ ಬಿಟ್ಟು ಒಂದು ಮನೆಗೆ ಹಳದಿ, ನಡುವಿನ ಮನೆಗೆ ಕೆಂಪು. ಪ್ರತಿ ಹಗ್ಗದಲ್ಲೂ ನೂರು ಮರಿ. ನನ್ನದು ಕೆಂಪು. ಪಕ್ಕದ ಮನೆಯ ದುಗ್ಗಮ್ಮನದು ಹಳದಿ.

ಗೆದ್ದ ವಂಶದ ಮರಿ ನಮ್ಮ ಊರಿನ ಎಲ್ಲ ಬೀದಿಗಳಿಗೂ, ಆಮೇಲೆ ಕರಾವಳಿಯ ಹಳ್ಳಿಗಳಿಗೂ ಹೋಗುವುದೆಂದು ತೀರ್ಮಾನವಾಗಿತ್ತು. ಆರಿಸುವುದರಲ್ಲಿ ತಪ್ಪಿದರೆ ಎರಡು ವರ್ಷದಲ್ಲಿ ಎಲ್ಲ ಬಾನಿಗಳೂ ಬರಿದು. ಅವಳ ಅಷ್ಟು ವರ್ಷಗಳ ದುಡಿಮೆಯೂ ಅಲ್ಲಿಗೆ ಮುಗಿದ ಹಾಗೆ.

ಸೌದಾಮಿನಿ ಬುಧವಾರ ಬುಧವಾರ ಬರುತ್ತಿದ್ದಳು. ಹೊಸ ನೀರನ್ನು ಪರೀಕ್ಷೆಗೆ ತುಂಬಿಕೊಳ್ಳಬೇಕಿತ್ತಲ್ಲ, ಅದಕ್ಕೆ ಸಮುದ್ರವಿರುವಾಗಲೇ ಬರಬೇಕು. ಸಣ್ಣ ಸಣ್ಣ ಸೀಸೆಗಳಲ್ಲಿ ನೀರು ಹಿಡಿದು, ಹಗ್ಗ ಎತ್ತಿ ಎಣಿಸಿ, ಮನೆಯವರನ್ನು ಕೇಳುತ್ತಿದ್ದಳು. ಈ ವಾರ ಸತ್ತದ್ದು ಎಷ್ಟು? ನಾವೆಲ್ಲ ನೀರಿನಲ್ಲಿ ನಿಂತುಕೊಂಡು, ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆವು. ಮತ್ತೇನು ಹೇಳುವುದು? ಅವಳು ಸೊನ್ನೆ ಬರೆದುಕೊಳ್ಳುತ್ತಿದ್ದಳು. ನಾಲ್ಕೈದು ತಿಂಗಳಲ್ಲಿ ಅವಳಿಗೆ ನಮ್ಮ ‘ಚೆನ್ನಾಗಿದೆ’ಯ ಅಭ್ಯಾಸವಾಯಿತು. ಮುಗುಳ್ನಕ್ಕು, ಮಾತನ್ನು ಬಿಟ್ಟು ತನ್ನ ಎಣಿಕೆಯನ್ನೇ ನಂಬತೊಡಗಿದಳು. ಬುದ್ಧಿವಂತೆ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಎಣಿಕೆಯನ್ನೂ ನಾವು ಕೆಡಿಸಿದ್ದೆವು.

ಮಂಗಳವಾರ ಸಂಜೆ ಬೀದಿಯವರೆಲ್ಲ ಮೆಟ್ಟಿಲು ತಿಕ್ಕಿ ತೊಳೆಯುವುದು ರೂಢಿ. ಬಾನಿಯ ಅಂಚು ಒರೆಸುತ್ತೇವೆ, ಹಗ್ಗದಲ್ಲಿ ಬಾಯಿಬಿಟ್ಟು ಸತ್ತ ಪಚ್ಚಿಲೆಯಿದ್ದರೆ ಕಿತ್ತು ಎಸೆಯುತ್ತೇವೆ. ಒಂದು ಮಂಗಳವಾರ ಹೀಗೆ ತೊಳೆಯುತ್ತಿದ್ದಾಗ ದುಗ್ಗಮ್ಮ ಗೋಡೆಯಾಚೆಯಿಂದ ನನ್ನನ್ನು ಕರೆದಳು. ದೋಣಿಗೆ ಬಲೆ ನೇಯ್ದು ನೇಯ್ದು ಬೆರಳು ಡೊಂಕಾದ ಹೆಂಗಸು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಆದರೂ ಟೀಚರ್ ಎಂಬ ಮರ್ಯಾದೆ ಬಿಟ್ಟವಳಲ್ಲ.

“ಟೀಚರೇ, ಒಂದೈದಾರು ಪಚ್ಚಿಲೆ ಇದ್ರೆ ಕೊಡಿ. ಹಗ್ಗ ನೋಡಿ, ನನ್ನ ಬಾಯಿಯ ಹಾಗೇ ಆಗಿದೆ. ಹಲ್ಲಿಲ್ಲದ ಬಾಯಿ ಇಟ್ಕೊಂಡು ನಾನೊಬ್ಬಳು ನಗ್ತೇನೆ, ಸಾಲದಾ? ಬಾನಿಯೂ ನಗಬೇಕಾ ಸಮುದ್ರದ ಎದುರು?”

ಕೊಟ್ಟೆ. ಒಂದು ಲೋಟ ಮೊಸರು ಕೊಟ್ಟ ಹಾಗೆ, ಯೋಚಿಸದೆ ಕೊಟ್ಟೆ. ಅವಳು ಅವನ್ನು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ತನ್ನ ಹಗ್ಗದ ಖಾಲಿ ಜಾಗಕ್ಕೆ ಕಟ್ಟಿದಳು. ಎರಡೇ ದಿನದಲ್ಲಿ ಅವು ನಾರು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡವು. ಮುಂದಿನ ವಾರ ನಾಲ್ಕು ಕೊಟ್ಟೆ, ಅದರ ಮುಂದಿನ ವಾರ ಏಳು. ನನ್ನ ಹಗ್ಗದಲ್ಲಿ ಬೇಕಾದಷ್ಟಿದ್ದವು. ಅಕ್ಕಪಕ್ಕದವರಿಗೆ ಕೊಡದೆ ಇಟ್ಟುಕೊಳ್ಳುವುದು ನಮ್ಮ ಬೀದಿಯಲ್ಲಿ ಯಾರಿಗೂ ಬಾರದ ವಿದ್ಯೆ.

ಒಮ್ಮೆ ಸೌದಾಮಿನಿ ನನ್ನ ಹಗ್ಗ ಎಣಿಸಿ ಮುಖ ಸಣ್ಣದು ಮಾಡಿಕೊಂಡಳು. ಐವತ್ತೆಂಟೇ ಇವೆ, ಉಳಿದವೆಲ್ಲ ಏನಾದವು ಟೀಚರ್ ಎಂದು ಕೇಳಿದಳು. ಇದ್ದಾವೆ ಮಗಳೇ, ಎಲ್ಲವೂ ಚೆನ್ನಾಗಿದ್ದಾವೆ ಎಂದೆ. ಅಷ್ಟು ತಿಂಗಳಲ್ಲಿ ನಮ್ಮ ಬೀದಿಯಿಂದ ಅವಳಿಗೆ ಸಿಕ್ಕ ಒಂದೇ ಒಂದು ನಿಜವಾದ ಉತ್ತರ ಅದು. ಅವಳು ನನ್ನ ತೋಳು ಸವರಿ, ನನಗೆ ಬೇಸರವಾಗಬಾರದೆಂದು ಬೇರೆ ಮಾತು ತೆಗೆದಳು.

ಪರೀಕ್ಷೆ ಶುರುವಾದ ಹತ್ತನೆಯ ತಿಂಗಳ ಮೂರನೆಯ ಬುಧವಾರ ಅವಳು ಸೀಸೆಗಳ ಜೊತೆ ಒಂದು ಕೈಗಾಡಿಯನ್ನೂ ತಳ್ಳಿಕೊಂಡು ಬಂದಳು. ಗಾಡಿಯ ಮೇಲೆ ಪೀಪಾಯಿ. ನೀರಿನಲ್ಲಿ ಗಾಡಿ ತಳ್ಳುವುದು ಸುಲಭವಲ್ಲ, ಪಾಸ್ಕಲ್ ಹೊಲಿಗೆ ಬಿಟ್ಟು ಒಂದು ಕೈ ಕೊಟ್ಟಿದ್ದ. ಒಂದೊಂದು ಮನೆಯೆದುರೂ ನಿಂತು ಏನೋ ಹೇಳಿ, ಪೀಪಾಯಿಗೆ ಕೈಹಾಕಿ ಏನೋ ಕೊಡುತ್ತಿದ್ದಳು. ನಮ್ಮದು ಕೊನೆಯ ಮನೆಯಾದ್ದರಿಂದ ಅವಳು ತಲುಪುವಾಗ ಹನ್ನೊಂದಾಗಿತ್ತು. ಮುಖ ಬೆಳಗುತ್ತಿತ್ತು.

“ಟೀಚರ್, ಮುಗೀತು. ಹಳದಿ ಗೆದ್ದಿದೆ. ಹಳದಿ ಹಗ್ಗಗಳೆಲ್ಲ ಹೆಚ್ಚು ಕಮ್ಮಿ ತುಂಬಿವೆ, ಕೆಂಪಲ್ಲಿ ಅರ್ಧವೂ ಇಲ್ಲ. ನಾಳೆಯಿಂದ ನಾಲ್ಕು ತೊಟ್ಟಿಯೂ ಹಳದಿಗೇ ಬೇಕು. ಇವು ಕೆಂಪಿನ ಅಪ್ಪ ಅಮ್ಮಂದಿರು, ನಲವತ್ತೆರಡಿದ್ದವು. ಸಮುದ್ರಕ್ಕೆ ಬಿಟ್ಟರೆ ಬೆರಕೆ ಆಗ್ತದೆ. ಅದಕ್ಕೇ ಮನೆಗೊಂದು ಅಂತ ಕೊಟ್ಟೆ, ನಿಮ್ಮೆಲ್ಲರ ಸಹಾಯಕ್ಕೆ. ಕೊನೆಯ ಐದು ನಿಮಗೆ. ಸಾರು ಮಾಡಿ.”

ಐದು ದೊಡ್ಡ ಪಚ್ಚಿಲೆಗಳನ್ನು ನನ್ನ ಪಾತ್ರೆಗೆ ಹಾಕಿದಳು. ಕಲ್ಲು ಬಿದ್ದ ಹಾಗೆ ಸದ್ದಾಯಿತು. ನಾನು ಒಂದನ್ನು ಎತ್ತಿ ಉಗುರಿನಿಂದ ಒತ್ತಿದೆ. ಬಾಗಲಿಲ್ಲ. ದುಗ್ಗಮ್ಮ ವಾರ ವಾರ ಕಿತ್ತೆಸೆಯುತ್ತಿದ್ದ ಚಿಪ್ಪುಗಳು ನೆನಪಾದವು. ಗುಡಿಸುವಾಗ ಹಪ್ಪಳದಂತೆ ಪೊರಕೆಯಡಿ ಮುರಿಯುತ್ತಿದ್ದವು. ಬೀದಿಯುದ್ದಕ್ಕೂ ನೋಡಿದೆ. ಒಂದು ಹಳದಿ, ಒಂದು ಕೆಂಪು, ಒಂದು ಹಳದಿ, ಒಂದು ಕೆಂಪು. ಪ್ರತಿ ಹಳದಿಯ ಪಕ್ಕದಲ್ಲೂ ಕೊಡುಗೈಯ ಒಂದು ಕೆಂಪು ಮನೆ. ನಾನೊಬ್ಬಳೇ ಕೊಟ್ಟೆನೆಂದುಕೊಂಡಿದ್ದೆ. ನನ್ನದೂ ಸೇರಿ ಅಂಥ ಹತ್ತೊಂಬತ್ತು ಮನೆಗಳಿದ್ದವು. ಕೆಂಪು ಸತ್ತಿರಲಿಲ್ಲ, ಹಳದಿಯ ಹಗ್ಗದಲ್ಲಿ ಬದುಕಿತ್ತು.

ಅಷ್ಟರಲ್ಲಿ ಮೂವತ್ತೇಳು ಮನೆಗಳಲ್ಲಿ ಕೆಂಪು ವಂಶದ ಹಿರಿಯರು ಒಲೆಯ ಬಳಿಗೆ ಹೋಗುತ್ತಿದ್ದರು.

ನೀರು ಎರಡನೆಯ ಮೆಟ್ಟಿಲಲ್ಲಿತ್ತು. ಇಳಿಯಲು ಇನ್ನೂ ಅರ್ಧ ಗಂಟೆ. ಎಪ್ಪತ್ತೊಂದು ವರ್ಷದಲ್ಲಿ ಸಮುದ್ರದ ಎದುರು ನಾನು ಒಂದೇ ಒಂದು ಕೆಟ್ಟ ಮಾತಾಡಿದವಳಲ್ಲ. ಆಡಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮತ್ತೆಂದೂ ಬಾರದೆಂದು ಕೆಲವರು ಹೇಳುತ್ತಿದ್ದರು, ಮತ್ತೆಂದೂ ಹೋಗದೆಂದು ಕೆಲವರು. ಸೌದಾಮಿನಿಯನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿಬಿಡಲೇ ಎನಿಸಿತು. ಆದರೆ ಅವಳೊಬ್ಬಳಿಗೆ ಹೇಳಿದರೆ ಸಾಲದು, ಮೂವತ್ತೇಳು ಮನೆಗಳಿಗೂ ಈಗಲೇ ಕೇಳಿಸಬೇಕಿತ್ತು. ಮೆಟ್ಟಿಲಿಳಿದು ನೀರಿನಲ್ಲಿ ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದೆ.

“ಯಾರೂ ಬೇಯಿಸಬೇಡಿ. ಹಳದಿಯವು ಸಾಯ್ತಿವೆ. ಮೊದಲಿಂದಲೂ ಸಾಯ್ತಿವೆ.”

ಪಾಸ್ಕಲನ ಕೈ ಗಾಡಿಯ ಮೇಲೆಯೇ ನಿಂತಿತು. ದುಗ್ಗಮ್ಮ ಬಾಗಿಲಿಗೆ ಬಂದವಳು ಮೆಲ್ಲಗೆ, “ಟೀಚರೇ, ನೀರುಂಟು” ಅಂದಳು.

“ಗೊತ್ತುಂಟು ದುಗ್ಗಮ್ಮ.”

ಸೌದಾಮಿನಿಯ ಕಡೆ ತಿರುಗಿ ಉಳಿದದ್ದನ್ನೂ ಹೇಳಿದೆ. ನನ್ನ ಹಗ್ಗದಿಂದ ಅರ್ಧಕ್ಕಿಂತ ಹೆಚ್ಚನ್ನು ಪಕ್ಕದ ಹಗ್ಗಕ್ಕೆ ಕೊಟ್ಟವಳು ನಾನು, ಕೇಳಿದಾಗ ಬಿಡಿಸಿ ಹೇಳದೆ ಹೋದವಳೂ ನಾನು, ತಪ್ಪು ನನ್ನದು ಎಂದೆ. ದುಗ್ಗಮ್ಮ ಕೇಳಿ ಪಡೆದಳೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದುಗ್ಗಮ್ಮನೇ ಮೆಟ್ಟಿಲಿಳಿದಳು. ಸೌದಾಮಿನಿಯನ್ನು ನೋಡದೆ, ಪಾದದ ಸುತ್ತಲಿದ್ದ ನೀರನ್ನು ನೋಡುತ್ತ ಮಾತಾಡಿದಳು.

“ನಂದು ಎಪ್ಪತ್ತು ಸತ್ತಿದೆ. ಎಪ್ಪತ್ತೋ ಎಪ್ಪತ್ತೆರಡೋ. ಟೀಚರ ಮನೇದು ಸಾಲದೆ ಆಚೆ ಮನೆಯವರ ಹತ್ರವೂ ತಂದಿದ್ದೇನೆ.”

ಆಮೇಲೆ ಎದುರು ಮನೆಯ ಬಾಣಂತಿ ಬಾಗಿಲ ಮರೆಯಿಂದ, ನಮ್ಮದು ಐವತ್ತು ಅಂದಳು. ಗಿರಣಿಯ ಕಡೆಯಿಂದ ಯಾರೋ ಅರವತ್ತೈದು ಅಂದರು. ಪಾಸ್ಕಲ್ ತಲೆ ಕೆರೆದುಕೊಂಡು, ನಾನು ಲೆಕ್ಕ ಇಟ್ಟಿಲ್ಲ, ಆದರೆ ಕಟ್ಟಲಿಕ್ಕೆ ಒಂದಿಡೀ ಲಂಗದ ಬಟ್ಟೆ ಖರ್ಚಾಗಿದೆ ಅಂದ. ಮನೆಯಿಂದ ಮನೆಗೆ ಸಂಖ್ಯೆಗಳು ಬಂದವು. ಹತ್ತು ತಿಂಗಳು ಗಂಟಲಲ್ಲಿಟ್ಟುಕೊಂಡಿದ್ದ ಸಾವುಗಳು. ಸೌದಾಮಿನಿ ಪೀಪಾಯಿಯ ಮುಚ್ಚಳದ ಮೇಲೆ ಪುಸ್ತಕವಿಟ್ಟು ಬರೆದಳು. ಒಂದೊಂದು ಅಕ್ಷರವೂ ನೆಟ್ಟಗಿತ್ತು, ನಾನು ನೋಡಿದೆ.

ಪಾಸ್ಕಲ್ ಗಾಡಿಯನ್ನು ತಿರುಗಿಸಿ ಹಿಂದಕ್ಕೆ ತಳ್ಳಿಕೊಂಡು ಹೊರಟ. ಜನ ಪಾತ್ರೆ, ಸೌಟು, ಸೆರಗಿನ ತುದಿ, ಸಿಕ್ಕಿದ್ದರಲ್ಲಿ ಪಚ್ಚಿಲೆ ಹಿಡಿದುಕೊಂಡು ಬಂದರು. ಒಬ್ಬರು ಅರಿಸಿನ ಸವರಿಟ್ಟಿದ್ದನ್ನು ಸಮುದ್ರದಲ್ಲೇ ಅದ್ದಿ ತೊಳೆದು ಕೊಟ್ಟರು. ನಲವತ್ತೆರಡರಲ್ಲಿ ಮೂವತ್ತೊಂದು ಬದುಕಿ ಬಂದವು. ಹನ್ನೊಂದು ಆಗಲೇ ಕುದಿಯುವ ನೀರು ಕಂಡಿದ್ದವು. ಅವುಗಳಲ್ಲಿ ದುಗ್ಗಮ್ಮನದೂ ಒಂದು. ಅವಳ ಒಲೆ ಯಾವಾಗಲೂ ಬೇರೆಯವರಿಗಿಂತ ಮುಂಚೆ ಉರಿಯುತ್ತದೆ. ಹಬೆಯಾಡುತ್ತಿದ್ದ, ಬಾಯಿಬಿಟ್ಟ ಪಚ್ಚಿಲೆಯನ್ನು ಸೌಟಿನಲ್ಲಿಟ್ಟುಕೊಂಡು ನೀರಿನ ನಡುವೆ ನಿಂತಿದ್ದಳು. ಸೌದಾಮಿನಿ ಅವಳ ಬಳಿಗೆ ಹೋಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಇದೂ ಬೇಕು ಅಮ್ಮ. ಇದರ ಚಿಪ್ಪಿನ ದಪ್ಪ ಅಳೆಯಬೇಕು. ಬದುಕಿರೋದನ್ನು ಒಡೆದು ಅಳೆಯೋಕಾಗ್ತಿರಲಿಲ್ಲ.”

ಅದು ನಿಜವೋ, ಆ ಕ್ಷಣಕ್ಕೆ ಹುಟ್ಟಿದ ಮಾತೋ, ನಾನು ಕೇಳಲಿಲ್ಲ. ದುಗ್ಗಮ್ಮ ಸೌಟನ್ನು ಸೆರಗಿಗೆ ಒರೆಸಿಕೊಂಡಳು.

ಹನ್ನೊಂದೂವರೆಗೆ ಹೋಗಬೇಕಾದ ಸಮುದ್ರ ಅಂದು ಹೋಗಲಿಲ್ಲ. ಎದ್ದು ನಿಂತಿದ್ದ ನೆಂಟರು ಮನೆಯವರ ಕಷ್ಟ ಕೇಳಿ ಮತ್ತೆ ಕೂತುಕೊಳ್ಳುವ ಹಾಗೆ, ಇನ್ನೂ ಕಾಲು ಗಂಟೆ ಎರಡನೆಯ ಮೆಟ್ಟಿಲಲ್ಲೇ ಇತ್ತು. ಪಾಸ್ಕಲನ ಗಡಿಯಾರ ಮುಂದಿತ್ತು ಅಷ್ಟೇ ಎನ್ನುವವರೂ ಇದ್ದಾರೆ. ಮುಂದಿನ ಬುಧವಾರ ಅದು ಎಂದಿನ ಹೊತ್ತಿಗೆ ಬಂತು.

ಸೌದಾಮಿನಿ ಆ ವಾರವಿಡೀ ಹಳದಿ ಹಗ್ಗಗಳಿಂದ ಒಂದೊಂದೇ ಪಚ್ಚಿಲೆಯ ಮಾಂಸದ ಚೂರು ತೆಗೆದು, ತನ್ನ ಯಂತ್ರದಲ್ಲಿಟ್ಟು ವಂಶ ನೋಡಿದಳು. ಪ್ರತಿ ಜೀವಕೋಶದಲ್ಲೂ ತಾಯಿ ತಂದೆಯರ ಗುರುತು ಬರೆದಿರುತ್ತದೆ. ಯಾರ ಹಗ್ಗಕ್ಕೆ ಕಟ್ಟಿದರೂ ಅದು ಬದಲಾಗುವುದಿಲ್ಲ, ನಮ್ಮ ಹಾಗೆ ಮರ್ಯಾದೆಗೆ ಮಾತು ಮರೆಸುವುದೂ ಅದಕ್ಕೆ ಬಾರದು. ಹಳದಿ ಹಗ್ಗಗಳಲ್ಲಿದ್ದ ನೂರಕ್ಕೆ ಅರವತ್ತೆಂಟು ಕೆಂಪಿನ ಮಕ್ಕಳು. ಫಲಿತಾಂಶದ ಹಾಳೆಯನ್ನು ಅವಳು ಮೊದಲು ತಂದು ತೋರಿಸಿದ್ದು ನನಗೆ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವಳು ತಡೆದಳು. ಬೀದಿಯವರು ಹಗ್ಗದಿಂದ ಹಗ್ಗಕ್ಕೆ ಕಿತ್ತು ಕಟ್ಟಿದರೂ ಕೆಂಪು ಬದುಕಿದೆಯಲ್ಲ, ಅಷ್ಟು ಕಠಿಣ ಪರೀಕ್ಷೆಯನ್ನು ನನ್ನಿಂದ ಯೋಚಿಸಲೂ ಆಗುತ್ತಿರಲಿಲ್ಲ ಎಂದಳು. ಮೂವತ್ತೊಂದು ಹಿರಿಯರು ಸಾಲುತ್ತವೆಯೇ ಎಂದು ಕೇಳಿದೆ. ಇಪ್ಪತ್ತಿದ್ದರೂ ಸಾಕು ಎಂದಳು.

ಕೆಂಪು ದಾರದ ಮರಿಗಳು ಆ ವರ್ಷ ಆರು ಬೀದಿಗಳಿಗೂ ಹೋದವು. ಮರುವರ್ಷ ಹಳ್ಳಿಗಳಿಗೆ ಹೋದವು. ಪ್ರತಿ ಹಳ್ಳಿಯಲ್ಲೂ ಹಗ್ಗ ಕೊಡುವ ಮುಂಚೆ ಸೌದಾಮಿನಿ ಒಂದು ಪ್ರಶ್ನೆ ಕೇಳುತ್ತಾಳೆ. ನಿಮ್ಮ ಊರಲ್ಲಿ ಯಾರ ಎದುರು ಏನನ್ನು ಹೇಳಬಾರದು? ಜನ ಮೊದಲು ನಗುತ್ತಾರೆ, ಆಮೇಲೆ ಬಹಳ ಹೊತ್ತು ಹೇಳುತ್ತಾರೆ. ಅವಳು ಅದನ್ನು ನೀರಿನ ಆಮ್ಲ, ಉಪ್ಪು, ಉಷ್ಣತೆಯ ಪಕ್ಕದಲ್ಲೇ ಬರೆದುಕೊಳ್ಳುತ್ತಾಳೆ.

ಹೋದ ಬುಧವಾರ ಅವಳು ನಮ್ಮ ಬೀದಿಗೆ ಎಣಿಕೆಗೆ ಬಂದಿದ್ದಳು. ನೀರು ಎರಡನೆಯ ಮೆಟ್ಟಿಲಲ್ಲಿತ್ತು. ದುಗ್ಗಮ್ಮ ತನ್ನ ಮನೆಯ ಮೂರನೆಯ ಮೆಟ್ಟಿಲಲ್ಲಿ, ಕಾಲುಗಳನ್ನು ಸಮುದ್ರದಲ್ಲಿಟ್ಟುಕೊಂಡು, ಮಡಿಲಲ್ಲಿ ಪಚ್ಚಿಲೆ ಹಾಕಿಕೊಂಡು ಕೂತಿದ್ದಳು. ಸೌದಾಮಿನಿ ಪುಸ್ತಕ ಬಿಚ್ಚುವ ಮುಂಚೆಯೇ ದುಗ್ಗಮ್ಮ ಶುರುಮಾಡಿದಳು.

“ಬರೆ ಮಗಳೇ. ಇದರ ಬಾಯಿ ಬಿಡಿಸಲಿಕ್ಕೆ ಹೋಗಿ ನನ್ನ ಚೂರಿಯ ಮೊನೆ ಹೋಯ್ತು, ಎರಡು ಉಗುರು ಹೋಯ್ತು. ಗುದ್ದಲಿಕ್ಕೆ ಕಲ್ಲು ಬೇಕು. ಹಲ್ಲಿಲ್ಲದವರು ಉಣ್ಣುವಂಥದ್ದು ಮಾಡು ಅಂದ್ರೆ ನೀನು ಕಬ್ಬಿಣ ಬೆಳೆಸಿದ್ದೀಯಲ್ಲ.”

“ಒಳಗಿನ ಮಾಂಸ ಮೆತ್ತಗುಂಟಲ್ಲ ಅಮ್ಮ?”

“ಒಳಗೆ ಹೋಗುವವರೆಗೆ ನಾನು ಇರಬೇಕಲ್ಲ.”

“ಸತ್ತದ್ದು ಎಷ್ಟು ಈ ತಿಂಗಳು?”

ದುಗ್ಗಮ್ಮ ಬಾನಿಯ ಕಡೆ ಒಮ್ಮೆ ನೋಡಿದಳು, ಮೆಟ್ಟಿಲಿಗೆ ಆತು ನಿಂತಿದ್ದ ನೀರನ್ನು ಒಮ್ಮೆ ನೋಡಿದಳು. ದನಿ ತಗ್ಗಿಸಲಿಲ್ಲ.

“ಏಳು.”

ಸೌದಾಮಿನಿ ಏಳು ಎಂದು ಬರೆದುಕೊಂಡು, ಸೀಸೆಗೆ ನೀರು ತುಂಬಿಕೊಂಡು, ನಮ್ಮ ಮನೆಯ ಕಡೆಗೆ ಬಂದಳು.